ತಮ್ಮನ ಮಿಷಿನ್ನು, ನಮ್ಮನೆಯವರ ಶೂ

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾನು ನನ್ನ ಗಂಡನ ಶೂ ಕದ್ದೆ.

ನಗಬೇಡಿ. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಯಾರದೋ ಜಾಮಿಟ್ರಿ ಬಾಕ್ಸಿನಿಂದ ಒಂದು ರಬ್ಬರ್ ಕಾಣೆಯಾದರೂ ಇಡೀ ಕ್ಲಾಸನ್ನು ನಿಲ್ಲಿಸಿ ವಿಚಾರಣೆ ಮಾಡೋಳು. ಅಂಥವಳು ಸ್ವಂತ ಮನೆಯ ಬಾಗಿಲ ಹಿಂದಿನಿಂದ ಒಂದು ಜೊತೆ ಶೂ ಎತ್ತಿ, ಪ್ಲಾಸ್ಟಿಕ್ ಕವರಿಗೆ ತುರುಕಿ, ಮೇಲೆ ಒಂದು ಕಟ್ಟು ಕರಿಬೇವು ಮುಚ್ಚಿ, ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಕಡೆಯ ಬಸ್ಸು ಹತ್ತಿ ಕೂತೆ. ಕಂಡಕ್ಟರ್ ಕವರನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಏನಮ್ಮಾ, ಕಲ್ಲು ತುಂಬ್ಕೊಂಡೀರಾ?" ಅಂದ.

ಅಷ್ಟು ಭಾರ. ನಮ್ಮನೆಯವರು ಮೈನ್ಸಿನಲ್ಲಿ ಸೂಪರ್‌ವೈಸರ್. ಅದಿರು ತುಂಬೋ ಕಡೆ ಓಡಾಡೋರಿಗೆ ಅಂತ ಕೊಟ್ಟ ಸೇಫ್ಟಿ ಶೂ ಅವು. ದಪ್ಪ ಚರ್ಮ, ಬೆರಳಿನ ಜಾಗದಲ್ಲಿ ಒಳಗೊಂದು ಕಬ್ಬಿಣದ ಟೋಪಿ. ಕಾಲ ಮೇಲೆ ಕಲ್ಲು ಬಿದ್ದರೂ ಬೆರಳು ಉಳೀಬೇಕು ಅನ್ನೋ ಲೆಕ್ಕ. ಕೇಳಿದ್ದರೆ ಕೊಡುತ್ತಿರಲಿಲ್ಲವಾ? ಕೊಡುತ್ತಿದ್ದರು. ಕೊಡೋ ಮುಂಚೆ "ನಿಂದು ಯಾವಾಗಲೂ ಇದೇ ಆಯ್ತಲ್ಲ" ಅಂತ ಅರ್ಧ ಗಂಟೆ ಭಾಷಣ ಇರುತ್ತಿತ್ತು. ಬಸ್ಸು ತಪ್ಪುತ್ತಿತ್ತು. ಹತ್ತು ಗಂಟೆಗೆ ಊರಲ್ಲಿ ನನ್ನ ತಮ್ಮ ಮರ ಉರುಳಿಸೋನಿದ್ದ.

ತಮ್ಮ ಅಂದರೆ ರುದ್ರೇಶ. ಮೂವತ್ತನಾಲ್ಕು ವರ್ಷ. ಊರಲ್ಲಿ ಅವ್ವನ ಜೊತೆ ಇದ್ದಾನೆ. ಪಂಪ್‌ಸೆಟ್ ಮೋಟರ್ ರಿಪೇರಿ ಮಾಡಿಕೊಂಡು ನೆಮ್ಮದಿಯಾಗಿದ್ದ. ಈ ವರ್ಷ ಎಲ್ಲಿಂದಲೋ ಒಂದು ಚೈನ್ ಗರಗಸ ತಂದುಬಿಟ್ಟ. ನೋಡಿದ್ದೀರಾ ಅದನ್ನ? ಪೆಟ್ರೋಲಿನಲ್ಲಿ ಓಡುತ್ತೆ. ಉದ್ದನೆಯ ಪಟ್ಟಿ, ಅದರ ಸುತ್ತ ಹಲ್ಲಿರೋ ಚೈನು. ಹಗ್ಗ ಎಳೆದರೆ ಸ್ಟಾರ್ಟು. ಸೈಲೆನ್ಸರ್ ಕಿತ್ತ ಬೈಕಿನ ಹಾಗೆ ಅರಚುತ್ತೆ. ನಮ್ಮೂರಲ್ಲಿ ಯಾರೂ ಅದರ ಹೆಸರು ಹೇಳೋದಿಲ್ಲ. ಬರೀ "ಮಿಷಿನ್ನು".

ಮಿಷಿನ್ ಬಂದಿದ್ದೇ ತಡ, ತಮ್ಮನಿಗೆ ಡಿಮ್ಯಾಂಡೋ ಡಿಮ್ಯಾಂಡು. ಹೊಸದುರ್ಗದಲ್ಲಿ ಯಾರದೋ ಮನೆ ಹಿಂದಿನ ಬೇವು, ಹಿರಿಯೂರಿನಲ್ಲಿ ಸೈಟಿಗೆ ಅಡ್ಡ ಬಂದ ನೀಲಗಿರಿ. ಇಬ್ಬರು ಇಡೀ ದಿನ ಕೂತು ಗರಗಸ ಎಳೆದು ಮಾಡೋ ಕೆಲಸವನ್ನ ಇವನೊಬ್ಬನೇ ಕಾಫಿ ಕುಡಿಯೋ ಹೊತ್ತಿಗೆ ಮುಗಿಸಿ, ಮೊಪೆಡ್ಡಿನ ಹಿಂದೆ ಮಿಷಿನ್ ಕಟ್ಟಿಕೊಂಡು ಮುಂದಿನ ಊರಿಗೆ ಹೋಗಿಬಿಡುತ್ತಿದ್ದ.

ಡ್ರೆಸ್ ಏನು ಗೊತ್ತಾ? ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಲುಂಗಿ. ಕತ್ತಿನಲ್ಲಿ ಎರಡೂ ಕಡೆ ಇಳಿಬಿಟ್ಟ ಟವೆಲ್ಲು. ಕಾಲಿಗೆ ಹವಾಯಿ ಚಪ್ಪಲಿ. ಮಿಷಿನ್ನನ್ನ ಗಾಳಿಯಲ್ಲಿ ಒಂದು ಕೈಲಿ ತೂಗಾಡಿಸಿಕೊಂಡು ಇನ್ನೊಂದು ಕೈಲಿ ಹಗ್ಗ ಎಳೆಯೋದು. ನೋಡೋಕೆ ಜನ. ಅವರ ಮುಂದೆ ಇವನ ಠೇಂಕಾರ.

ಈ ಅಂಕಣದ ಹಳೇ ಓದುಗರಿಗೆ ನನ್ನ ಪುಕ್ಕಲುತನ ಹೊಸದೇನಲ್ಲ. ಕುಕ್ಕರ್ ಕೂಗಿದರೆ ಎರಡು ಹೆಜ್ಜೆ ಹಿಂದೆ ಸರಿಯೋಳು ನಾನು. ಆದರೂ ಈ ಮಿಷಿನ್ ವಿಷಯದಲ್ಲಿ ಮೊದಮೊದಲು ನನಗೆ ಅಂಥಾ ಭಯ ಇರಲಿಲ್ಲ. ಭಯ ಶುರುವಾಗಿದ್ದು ಒಂದು ಪುಸ್ತಕದಿಂದ.

ಒಂದು ದಿನ ತಮ್ಮ ನಮ್ಮ ಮನೆಗೆ ಬಂದ. ಚೀಲದಿಂದ ಎಣ್ಣೆ ಮೆತ್ತಿದ ಒಂದು ಬುಕ್ಕು ತೆಗೆದ. "ಅಕ್ಕಾ, ಇದು ಮಿಷಿನ್ ಜೊತೆ ಬಂದಿತ್ತು. ಎಲ್ಲಾ ಇಂಗ್ಲಿಷ್ನಾಗೈತೆ. ಚೈನು ಟೈಟ್ ಮಾಡೋದು ಹೆಂಗೆ ಅಂತ ಯಾವ ಪೇಜ್ನಾಗೈತೆ ಅಷ್ಟು ನೋಡಿ ಹೇಳು."

"ಇಷ್ಟು ದಿನ ಇದನ್ನ ಓದಿಲ್ವೇನೋ?"

"ಓದಾಕೇನೈತೆ? ಬೊಂಬೆ ನೋಡಿದೀನಿ."

ನಾನು ಚೈನ್ ಟೈಟ್ ಮಾಡೋ ಪೇಜು ಹುಡುಕೋಕೆ ಹೋಗಿ ಇಡೀ ಬುಕ್ಕು ಓದಿಬಿಟ್ಟೆ. ಸ್ಟಾಫ್ ರೂಮಿನಲ್ಲಿ ಎರಡು ಫ್ರೀ ಪೀರಿಯಡ್. ಮಾಡಬಾರದಿತ್ತು! ಅದರ ತುಂಬ ಹೆಲ್ಮೆಟ್ಟು, ಕನ್ನಡಕ, ಗ್ಲೌಸು, ಬೂಟು ಹಾಕಿಕೊಂಡ ಒಬ್ಬ ಮನುಷ್ಯನ ಚಿತ್ರ. ಅವನು ಏನೇ ತಪ್ಪು ಮಾಡಲಿ, ಮೇಲೆ ಕೆಂಪು ಅಡ್ಡಗೀಟು. ನಾಲ್ಕು ಪೇಜು ಮುಗಿಯೋ ಹೊತ್ತಿಗೆ ನನಗೆ ಗೊತ್ತಾಯಿತು, ನನ್ನ ತಮ್ಮ ಮಾಡೋದೆಲ್ಲಾ ಅಡ್ಡಗೀಟಿನ ಚಿತ್ರಗಳೇ.

ಮಿಷಿನ್ನನ್ನ ಗಾಳಿಯಲ್ಲಿ ಹಿಡಿದು ಸ್ಟಾರ್ಟ್ ಮಾಡಬೇಡ, ನೆಲಕ್ಕೆ ಇಟ್ಟು ಕಾಲಲ್ಲಿ ಒತ್ತಿ ಹಿಡಿದು ಎಳಿ. ಗೀಟು. ಪಟ್ಟಿಯ ತುದಿಯ ಮೂತಿ ಯಾವುದಕ್ಕೂ ತಾಗಬಾರದು, ತಾಗಿದರೆ ಇಡೀ ಮಿಷಿನ್ನು ಮುಖಕ್ಕೇ ಒದ್ದುಕೊಂಡು ಬರುತ್ತೆ. ಗೀಟು. ಭುಜದಿಂದ ಮೇಲಕ್ಕೆ ಎತ್ತಿ ಕೊಯ್ಯಬೇಡ. ಇಳಿಬಿದ್ದ ಬಟ್ಟೆ ಬೇಡ. ಮರ ಬೀಳೋ ಕಡೆ ಮೊದಲು ಕಲ್ಲಂಗಡಿ ಹೋಳಿನ ಹಾಗೆ ಒಂದು ತುಂಡು ಕೊಯ್ದು ಬಾಯಿ ತೆಗಿ, ಆಮೇಲೆ ಹಿಂದಿನಿಂದ ಕೊಯ್ಯಿ, ನಡುವೆ ಬಾಗಿಲ ಕೀಲಿನ ಹಾಗೆ ಒಂದಿಷ್ಟು ಮರ ಬಿಡು. ಬೀಳೋಕೆ ಶುರುವಾದಾಗ ಓರೆಯಾಗಿ ಹಿಂದಕ್ಕೆ ಸರಿಯೋ ದಾರಿಯನ್ನ ಮೊದಲೇ ಸವರಿಟ್ಟುಕೋ. ಮರದ ಎತ್ತರದ ಎರಡರಷ್ಟು ದೂರದ ಒಳಗೆ ಬೇರೆ ಯಾರೂ ನಿಂತಿರಬಾರದು.

ಫೋನ್ ಮಾಡಿ ಎಲ್ಲಾ ಓದಿ ಹೇಳಿದೆ. ಅವನು "ಹ್ಞೂಂ, ಹ್ಞೂಂ" ಅಂದ. ಕೊನೆಗೆ, "ಚೈನ್ ಟೈಟ್ ಮಾಡೋದು ಎಲ್ಲೈತೆ ಅಂತ ಹೇಳಲೇ ಇಲ್ವಲ್ಲಕ್ಕ?" ಅಂದ.

ಅವತ್ತಿನಿಂದ ನಮ್ಮಿಬ್ಬರಿಗೂ ಒಂದು ಒಪ್ಪಂದ. ಕೆಲಸ ಮುಗಿದು ಮಿಷಿನ್ ಆಫ್ ಮಾಡಿದ ತಕ್ಷಣ ಅವನು ನನಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಮಿಸ್ಡ್ ಕಾಲ್ ಬಂತು ಅಂದರೆ ಕೈಕಾಲು ನೆಟ್ಟಗಿವೆ ಅಂತ ಅರ್ಥ. ಬರದಿದ್ದರೆ? ಬರದಿದ್ದರೆ ಬೋರ್ಡಿನ ಮೇಲೆ ನಾನು ಬರೆಯೋ ಸಮೀಕರಣದಲ್ಲಿ ಎಡಗಡೆಗೂ ಬಲಗಡೆಗೂ ಹೊಂದಿಕೆಯೇ ಇರುತ್ತಿರಲಿಲ್ಲ. ಪಾಪ, ಹತ್ತನೇ ಕ್ಲಾಸಿನ ಮಕ್ಕಳು ಅದನ್ನೂ ಕಾಪಿ ಮಾಡಿಕೊಳ್ಳುತ್ತಿದ್ದರು.

ಇರಲಿ, ಆ ಭಾನುವಾರಕ್ಕೆ ಬರೋಣ.

ನಮ್ಮ ಹೊಲದ ಬದುವಿನಲ್ಲಿ ಒಂದು ಹುಣಸೆ ಮರ. ನಮ್ಮಜ್ಜನ ಕಾಲದ್ದು. ಗಾಳಿಗೆ ಬುಡದ ಮಣ್ಣು ಸಡಿಲಾಗಿ, ಪಕ್ಕದ ಓಬಳಪ್ಪ ಮಾವನ ದನದ ಕೊಟ್ಟಿಗೆ ಕಡೆ ವಾಲಿತ್ತು. ಇನ್ನೊಂದು ಗಾಳಿ ಬಂದರೆ ಕೊಟ್ಟಿಗೆಯೂ ಇಲ್ಲ, ದನವೂ ಇಲ್ಲ. ಅರ್ಜಿ ಕೊಟ್ಟು ಪರ್ಮಿಷನ್ ತಗೊಂಡಿದ್ದೆವು. (ಮರ ಕಡಿದಿರಾ ಅಂತ ನನಗೆ ಪತ್ರ ಬರೆಯೋಕೆ ಈಗಾಗಲೇ ಪೆನ್ನು ಎತ್ತಿದವರು ದಯವಿಟ್ಟು ಕೆಳಗಿಡಿ.) ಕೊಟ್ಟಿಗೆ ಕಡೆಯ ದಪ್ಪ ಕೊಂಬೆಗಳನ್ನ ತಮ್ಮ ಹಿಂದಿನ ದಿನವೇ ಇಳಿಸಿದ್ದ. ಉಳಿದ ಮರವನ್ನ ಹಗ್ಗ ಕಟ್ಟಿ ಎಳೆದು ಖಾಲಿ ಹೊಲದ ಕಡೆ ಬೀಳಿಸೋದು ಅಂತ ಪ್ಲಾನು.

ನಾನು ಹೋಗೋ ಹೊತ್ತಿಗೆ ಅವ್ವ ಮರದ ಬುಡಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಕಾಯಿ ಒಡೆಸಿ ಆಗಿತ್ತು. ನಮ್ಮಲ್ಲಿ ಹಾಗೆ. ದೊಡ್ಡ ಮರ ಕಡಿಯೋ ಮುಂಚೆ "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ ತಾಯಿ" ಅಂತ ಕೇಳಿಕೊಳ್ಳಬೇಕು. ಮೇಲಿರೋ ಹಕ್ಕಿಪಕ್ಷಿಗೆ ಬೇರೆ ಕಡೆ ಹೋಗ್ರಪ್ಪ ಅಂತ ಹೇಳಬೇಕು. ಪೂಜೆ ಆದ ಮರದ ಹತ್ತಿರ ಯಾರೂ ಚಪ್ಪಲಿ ಮೆಟ್ಟಬಾರದು. ಕಡಿಯೋನಂತೂ ಬರಿಗಾಲಲ್ಲೇ ಕಡೀಬೇಕು.

ಹಗ್ಗ ಎಳೆಯೋಕೆ ಬಂದ ಆರೂ ಜನರ ಚಪ್ಪಲಿಗಳು ಹೊಲದ ನಡುವೆ ಸಾಲಾಗಿ ಕೂತಿದ್ದವು. ತಮ್ಮನ ಹವಾಯಿಯೂ ಅಲ್ಲೇ. ತಮ್ಮ ಬರಿಗಾಲಲ್ಲಿ ಮಿಷಿನ್ ಹಿಡಿದು ನಿಂತಿದ್ದ. ಮಿಷಿನ್ನಿಗೂ ಮೂರು ಗೆರೆ ವಿಭೂತಿ, ಒಂದು ಸೇವಂತಿಗೆ ಹಾರ. ಹಾರ ಚೈನಿನ ಮೇಲೇ ಇತ್ತು!

ಹವಾಯಿ ಚಪ್ಪಲಿಗೇ ಬೈಯಬೇಕು ಅಂತ ಬಂದವಳು ನಾನು. ಇಲ್ಲಿ ಅದೂ ಇಲ್ಲ.

ಮೊದಲು ಹಾರ ತೆಗೆಸಿದೆ. ಆಮೇಲೆ ಅವನ ಕತ್ತಿನ ಟವೆಲ್ಲು ಕಿತ್ತುಕೊಂಡು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಲುಂಗಿ ಬಿಚ್ಚಿಸಿ ಪ್ಯಾಂಟ್ ಹಾಕಿಸಿದೆ. (ಬೆಳೆದ ತಮ್ಮನನ್ನ ಊರವರ ಮುಂದೆ "ಹೋಗೋ, ಪ್ಯಾಂಟ್ ಹಾಕ್ಕೊಂಡು ಬಾ" ಅಂತ ಮನೆಗೆ ಅಟ್ಟಿದ ಏಕೈಕ ಅಕ್ಕ ನಾನೇ ಇರಬೇಕು.) ಅವನು ಬಂದ ಮೇಲೆ ಕವರಿನಿಂದ ಕರಿಬೇವು ಸರಿಸಿ ಶೂ ತೆಗೆದೆ.

ಅವ್ವ ಹೌಹಾರಿದಳು. "ಏನೇ ಅದು? ಪೂಜೆ ಮಾಡಿದ ಮರದ ಮುಂದೆ ಚರ್ಮದ ಮೆಟ್ಟು ತರ್ತೀಯಲ್ಲೇ, ನಿನಗೇನು ಬುದ್ಧಿಗಿದ್ಧಿ ಐತೋ ಇಲ್ಲೋ?"

"ಅವ್ವಾ, ಇವನು ಹಿಡಿದಿರೋದು ಕೊಡಲಿ ಅಲ್ಲ. ಕಾಲಿಗೆ ತಾಗಿದ್ರೆ ಕಾಲೇ ಇರಲ್ಲ."

"ನಿಮ್ಮಜ್ಜ ಎಷ್ಟು ಮರ ಕಡಿದವ್ರೆ! ಒಂದು ದಿನ ಕಾಲಿಗೆ ಮೆಟ್ಟು ಹಾಕ್ಕೊಂಡು ಕಡಿದಿದ್ದಿಲ್ಲ."

"ಅಜ್ಜನ ಎಡಗಾಲಿನಾಗೆ ಎರಡು ಬೆರಳು ಇರಲಿಲ್ಲ. ಅವು ಎಲ್ಲಿ ಹೋಗಿದ್ವು?"

ಅವ್ವ ಸೆರಗು ಸರಿಮಾಡಿಕೊಂಡಳು. "ಅದು... ಹುಟ್ಟಿದಾಗಿಂದ್ಲೇ ಇರಲಿಲ್ಲ ಅಂತಿದ್ರಪ್ಪ."

ಓಬಳಪ್ಪ ಮಾವ ಹಗ್ಗ ಹಿಡಿದುಕೊಂಡೇ ನಕ್ಕ. "ಹೋಗ್ಲಿ ಬಿಡವ್ವ ಟೀಚರಮ್ಮ. ಹತ್ತು ನಿಮಿಷದ ಕೆಲ್ಸ. ದೇವರ ಮ್ಯಾಲೆ ಭಾರ ಹಾಕು, ಮುಗಿಸಿ ಹೋಗಾಣ."

ತಮ್ಮ ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ. ಅವನಿಗೆ ಶೂ ಹಾಕಿಕೊಳ್ಳೋ ಮನಸ್ಸಿತ್ತು, ಆಣೆ ಮಾಡಿ ಹೇಳ್ತೀನಿ. ಆದರೆ ಅವ್ವನ ಮಾತು ಮೀರಿ ಹಾಕಿಕೊಂಡು, ಆಮೇಲೆ ಏನಾದರೂ ಆದರೆ? ಮರದ ಶಾಪ ಅಂತ ಅವ್ವ ಸಾಯೋವರೆಗೂ ಕೊರಗುತ್ತಾಳೆ. ಹಾಕಿಕೊಳ್ಳದೇ ಏನಾದರೂ ಆದರೆ ನಾನು ಕೊರಗುತ್ತೀನಿ. ಇಬ್ಬರ ನಡುವೆ ಆ ಬಡಪಾಯಿ ಮಿಷಿನ್ ಹಿಡಿದು ನಿಂತಿದ್ದ. ನನಗೆ ಅಳು ಬಂದುಬಿಟ್ಟಿತು. ನಿಜವಾಗಿ.

ನಾವು ಯಾಕೆ ಹೀಗೆ? ಬಸ್ಸಿನ ಮುಂದಿನ ಗಾಜಿಗೆ ಅಡ್ಡಡ್ಡ ಹಾರ ಹಾಕುತ್ತೀವಿ, ಡ್ರೈವರಿಗೆ ರಸ್ತೆ ಕಾಣದೇ ಹೋದರೂ ಚಿಂತೆ ಇಲ್ಲ. ಸವೆದು ಬೋಳಾದ ಟೈರಿನ ಕೆಳಗೆ ನಿಂಬೆಹಣ್ಣು ಇಡುತ್ತೀವಿ. ಕರೆಂಟಿನ ಬೋರ್ಡಿಗೆ ಕುಂಕುಮ ಹಚ್ಚಿ, ಒದ್ದೆ ಕೈಯಲ್ಲೇ ಸ್ವಿಚ್ ಹಾಕುತ್ತೀವಿ. ಮಿಷಿನ್ನಿಗೆ ಪೂಜೆ ಮಾಡುತ್ತೀವಿ, ಮಿಷಿನ್ನಿನ ಬುಕ್ಕು ಮಾತ್ರ ಓದಲ್ಲ. ಇದನ್ನೆಲ್ಲ ಅವ್ವನಿಗೆ ಹೇಳಿದರೆ ನಡೆಯುತ್ತಾ? "ಬಂದ್ಲಪ್ಪ ದುರ್ಗದಿಂದ ಭಾಷಣ ಮಾಡಾಕೆ" ಅಂತಾಳೆ. ಅದಕ್ಕೇ ಹೇಳಲಿಲ್ಲ.

ಅಷ್ಟರಲ್ಲಿ ನನಗೆ ಕಪಿಲೆ ನೆನಪಾಯಿತು.

ಅವ್ವನ ತವರಲ್ಲಿ ಹಿಂದೆ ಬಾವಿಯಿಂದ ಕಪಿಲೆಯಲ್ಲಿ ನೀರೆತ್ತುತ್ತಿದ್ದರು. ದೊಡ್ಡ ಚರ್ಮದ ಚೀಲ, ಹಗ್ಗ ಕಟ್ಟಿ ಎತ್ತುಗಳಿಂದ ಎಳೆಸೋದು. ಅದರ ಕಥೆ ಕೇಳಿ ಕೇಳಿ ನಮಗೆ ಬಾಯಿಪಾಠ.

"ಅವ್ವಾ, ನಿಮ್ಮಪ್ಪ ದಿನಾ ಬೆಳಿಗ್ಗೆ ಕಪಿಲೆ ಬಾವಿಗೆ ಇಳಿಸೋ ಮುಂಚೆ ಏನ್ಮಾಡ್ತಿದ್ರು?"

"ವಿಭೂತಿ ಹಚ್ಚಿ ಕೈ ಮುಗೀತಿದ್ರು. ಯಾಕೆ?"

"ಅದು ಚರ್ಮದ್ದಲ್ವಾ?"

"ಅಯ್ಯೋ, ಅದು ಬ್ಯಾರೆ. ಅದು ದುಡಿಯೋ ಸಾಮಾನು."

"ಇದೂ ದುಡಿಯೋ ಸಾಮಾನೇ ಅವ್ವಾ. ಮೈನ್ಸಿನಾಗೆ ದುಡಿಯುತ್ತೆ. ಮದುವೆ ಮನೆಗೆ ಹಾಕ್ಕೊಂಡು ಹೋಗೋ ಶೂ ಅಲ್ಲ ಇದು. ಮಿಷಿನ್ ಹೆಂಗೋ ಇದೂ ಹಂಗೇ. ಅದಕ್ಕೆ ವಿಭೂತಿ ಹಚ್ಚಿದೀಯ, ಇದಕ್ಕೂ ಹಚ್ಚು."

ಅವ್ವ ಶೂ ನೋಡಿದಳು. ಮರ ನೋಡಿದಳು. ತಮ್ಮನ ಬರಿಗಾಲು ನೋಡಿದಳು. ಅಲ್ಲಿ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಅವಳಿಗೂ ಒಳಗೊಳಗೆ ಹೆದರಿಕೆ ಇತ್ತು ಅಂತ ನನಗೆ ಗೊತ್ತಾಗಿದ್ದು ಆವಾಗಲೇ.

"ತಗಂಬಾ ಇತ್ಲಾಗೆ" ಅಂದಳು.

ಚೊಂಬಿನ ನೀರು ಹಾಕಿ ಎರಡೂ ಶೂ ಒರೆಸಿದಳು. ಮೂತಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ನಡುವೆ ಒಂದು ಬೊಟ್ಟು ಕುಂಕುಮ. ಮರಕ್ಕೆ ಒಮ್ಮೆ ಕೈ ಮುಗಿದು, "ಇವನ ಕಾಲು ಕಾಯಾಕೆ ಇಟ್ಟಿರಾದು, ಗರ್ವಕ್ಕಲ್ಲ ತಾಯಿ" ಅಂದಳು. ಆಮೇಲೆ ತಮ್ಮನ ಕಡೆ ತಿರುಗಿ, "ಹಾಕ್ಕಳಪ್ಪ" ಅಂದಳು.

ಒಂಬತ್ತನೇ ನಂಬರಿನ ಶೂ, ಎಂಟನೇ ನಂಬರಿನ ಕಾಲು. ಸಡಿಲ. ಸಡಿಲ ಶೂನಲ್ಲಿ ಎಡವಿದರೆ ಇನ್ನೊಂದು ಕಷ್ಟ. ಕಾಯಿ ಸುತ್ತಿ ತಂದಿದ್ದ ಹಳೇ ಪೇಪರನ್ನ ಮಡಚಿ ಹಿಮ್ಮಡಿಗೆ ತುರುಕಿದೆ. ನೋಡಿದರೆ ಇದೇ ಅಂಕಣ ಇದ್ದ ಪುಟ! ನಾನು ಬರೆದದ್ದು ಒಬ್ಬರಿಗೆ ನೇರವಾಗಿ ಉಪಯೋಗ ಆಗಿದ್ದು ಅದೇ ಮೊದಲು.

ಮುಗಿಯಿತು ಅಂದುಕೊಂಡಿರಾ? ನಾನು ಅಲ್ಲಿಗೆ ಬಿಡೋ ಪೈಕಿ ಅಲ್ಲ. ಹಗ್ಗ ಹಿಡಿದವರು ನಿಂತಿದ್ದು ಹೊಲದ ನಡುವೆ, ಸರಿಯಾಗಿ ಮರ ಬೀಳಬೇಕಾದ ಕಡೆ. ಅವರ ಪಕ್ಕದಲ್ಲೇ ಚಪ್ಪಲಿ ಸಾಲು. ಅಷ್ಟು ಸಾಕಾ ದೂರ? ನಾನು ಒಂದು ಕಡ್ಡಿಯನ್ನ ನನ್ನ ತೋಳಿನಷ್ಟು ಉದ್ದಕ್ಕೆ ಮುರಿದು, ಕೈ ಚಾಚಿ ನೆಟ್ಟಗೆ ಹಿಡಿದು, ಮರದಿಂದ ಹಿಂದೆ ಹಿಂದೆ ನಡೆದೆ. ಕಡ್ಡಿಯ ಮೇಲ್ತುದಿ ಮರದ ತುದಿಗೂ ಕೆಳತುದಿ ಬುಡಕ್ಕೂ ಸರಿಹೊಂದಿದ ಕಡೆ ನಿಂತೆ. ನಾವು ನಿಂತ ಜಾಗ ಮರದಿಂದ ಎಷ್ಟು ದೂರವೋ ಮರ ಅಷ್ಟೇ ಎತ್ತರ. ಸಮರೂಪ ತ್ರಿಭುಜ. ವರ್ಷಾ ವರ್ಷಾ ಪಾಠ ಮಾಡುತ್ತೀನಿ, ಜೀವ ಬಿಗಿ ಹಿಡಿದು ಮಾಡಿದ್ದು ಅವತ್ತೇ.

ಅಲ್ಲಿಂದ ಮರಕ್ಕೆ ಹೆಜ್ಜೆ ಎಣಿಸಿದೆ. ಮೂವತ್ತನಾಲ್ಕು. ಹಗ್ಗ ಹಿಡಿದವರು ನಿಂತಿದ್ದು ಇಪ್ಪತ್ತೈದನೇ ಹೆಜ್ಜೆಗೆ.

"ಮಾವ, ಎಲ್ಲಾರೂ ಹಿಂದಕ್ಕೆ ಹೋಗ್ರಿ."

"ಹಗ್ಗ ಇಷ್ಟೇ ಇರಾದು ತಾಯಿ."

"ಇನ್ನೊಂದು ಕಟ್ರಿ."

"ಬಿದ್ದಾಗ ಓಡ್ತೀವಿ ಬಿಡವ್ವ. ನಮಗೇನು ಕಣ್ಣಿಲ್ವೇ?"

"ಬರಿಗಾಲಾಗೆ ಆರು ಜನ ಒಬ್ಬರ ಮ್ಯಾಲೊಬ್ಬರು ಬಿದ್ದು ಓಡ್ತೀರಾ? ಹಗ್ಗ ಕಟ್ಟೋವರೆಗೂ ನಾನು ಈ ಮರ ಬಿಟ್ಟು ಕದಲಲ್ಲ." ಹೇಳಿ ಮರದ ಬುಡದಲ್ಲಿ ಕೂತುಬಿಟ್ಟೆ.

ಓಬಳಪ್ಪ ಮಾವ ಗೊಣಗಿಕೊಂಡು ಹೋಗಿ ತನ್ನ ಗಾಡಿಯ ಹಗ್ಗ ತಂದ. ಅದನ್ನ ಇದಕ್ಕೆ ಸೇರಿಸಿ ಗಂಟು ಹಾಕಿದರು. ಆರೂ ಜನ ಹೊಲದ ಆ ತುದಿಗೆ, ಬುಕ್ಕಿನಲ್ಲಿದ್ದಷ್ಟು ಅಲ್ಲದಿದ್ದರೂ ನನ್ನ ಕೂಗು ಕೇಳದಷ್ಟು ದೂರಕ್ಕೆ ಹೋದರು. ಚಪ್ಪಲಿಗಳು ಅಲ್ಲೇ ಉಳಿದವು.

ತಮ್ಮ ಮಿಷಿನ್ನನ್ನ ನೆಲಕ್ಕೆ ಇಟ್ಟ. ಬಲಗಾಲಿನ ಶೂ ಮೂತಿಯನ್ನ ಹಿಡಿಕೆಯೊಳಗೆ ತೂರಿಸಿ ಒತ್ತಿ ಹಿಡಿದ. ಹಗ್ಗ ಎಳೆದ. ನನ್ನ ಕಡೆ ಒಮ್ಮೆ ನೋಡಿದ. ಬುಕ್ಕಿನ ಚಿತ್ರ! ಫೋನಿನಲ್ಲಿ ನಾನು ಓದಿದ್ದನ್ನ ಇವನು ಕೇಳಿಸಿಕೊಂಡಿದ್ದಾನೆ. ಎಲ್ಲಾ "ಹ್ಞೂಂ"ಗಳೂ ಸುಳ್ಳಲ್ಲ.

ಹೊಲದ ಕಡೆ ಬಾಯಿ ತೆಗೆದ. ತುಂಡು ಕಿತ್ತು ಹೊರಗೆ ಹಾಕಿದ. ಹಿಂದೆ ಸುತ್ತಿ ಬಂದು ಕೊಯ್ಯೋಕೆ ಶುರು ಮಾಡಿದ. ಹೊಟ್ಟು ಅವನ ಶೂ ಮೇಲೆ ಸುರೀತಾ ಇತ್ತು. ನಾನೂ ಅವ್ವನೂ ದೂರದಲ್ಲಿ ಕೈ ಕೈ ಹಿಡಿದು ನಿಂತಿದ್ದೆವು. ಅವ್ವ ಶಿವ ಶಿವ ಅಂತಿದ್ದಳು. ನಾನು ಮನಸ್ಸಿನಲ್ಲೇ ಬುಕ್ಕು ಓದುತ್ತಿದ್ದೆ. ಮೂತಿ ತಾಗಬಾರದು. ಕೀಲು ಬಿಡಬೇಕು. ಓರೆಯಾಗಿ ಹಿಂದಕ್ಕೆ.

ಮರ ಒಮ್ಮೆ ನರಳಿತು. ತಮ್ಮ ಮಿಷಿನ್ ಆಫ್ ಮಾಡಿ, ಸವರಿಟ್ಟ ದಾರಿಯಲ್ಲಿ ಓರೆಯಾಗಿ ಹಿಂದೆ ಸರಿದ. ಆ ಕಡೆಯಿಂದ ಆರು ಜನ ಎಳೆದರು. ಹುಣಸೆ ಮರ ನಿಧಾನಕ್ಕೆ ಬಾಗಿ, ಆಮೇಲೆ ಒಂದೇ ಸಲ ಧೊಪ್ಪನೆ ಬಿತ್ತು. ನೆಲ ಅದುರಿತು. ಧೂಳು ಇಳಿಯೋಕೆ ಸುಮಾರು ಹೊತ್ತು ಹಿಡಿಯಿತು.

ಓಬಳಪ್ಪ ಮಾವ ಬಂದು ಮರದ ನೆತ್ತಿಯ ಹತ್ತಿರ ನಿಂತ. ಚಪ್ಪಲಿ ಹುಡುಕಿದ. ಚಪ್ಪಲಿಗಳೆಲ್ಲ ಕೊಂಬೆಗಳ ಕೆಳಗೆ ಮಣ್ಣಿನಲ್ಲಿ ಹೂತು ಹೋಗಿದ್ದವು. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. "ಟೀ ಮಾಡ್ಸವ್ವ" ಅಂದ.

ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು.

ಮರ ಬಿದ್ದ ಮೇಲೆ ಎಲ್ಲರಿಗೂ ನಿರಾಳ. ಆರೂ ಜನ ಬೀಡಿ ಹಚ್ಚಿದರು. ಅವ್ವ ಟೀ ಇಡೋಕೆ ಹೋದಳು. ನಾನೂ, ದೇವರೇ, ನಾನೂ ಬುಕ್ಕು ಮುಚ್ಚಿದೆ. ಬಿದ್ದ ಮರ ಇನ್ನೇನು ಮಾಡುತ್ತೆ? ತಮ್ಮ ಕೊಂಬೆಗಳನ್ನ ಒಂದೊಂದಾಗಿ ತುಂಡು ಮಾಡುತ್ತಾ ಬಂದ. ಸಲೀಸು ಕೆಲಸ. ಏನೋ ತಮಾಷೆ ಮಾತಾಡಿಕೊಂಡು ಕೊಯ್ಯುತ್ತಿದ್ದ.

ಒಂದು ಕೊಂಬೆ ಮರದ ಭಾರಕ್ಕೆ ಸಿಕ್ಕಿ ಬಿಲ್ಲಿನ ಹಾಗೆ ಬಗ್ಗಿತ್ತು. ಅದಕ್ಕೆ ಮಿಷಿನ್ ಇಟ್ಟ. ಅರ್ಧ ಕೊಯ್ಯೋದರೊಳಗೆ ಕೊಂಬೆ ಪಟಾರ್ ಅಂತ ಸಿಡಿಯಿತು. ಒತ್ತಿ ಹಿಡಿದಿದ್ದ ಮಿಷಿನ್ನಿಗೆ ಕೆಳಗೆ ಏನೂ ಆಸರೆ ಇಲ್ಲ. ಸರ್ರನೆ ಇಳಿಯಿತು. ಬೆರಳು ಇನ್ನೂ ಆಕ್ಸಿಲರೇಟರ್ ಮೇಲೇ ಇತ್ತು.

ಕರ್ರ್ ಅಂತ ಒಂದು ಸದ್ದು. ಎಡಗಾಲಿನಿಂದ ಕಿಡಿ ಹಾರಿದ್ದು ನನ್ನ ಕಣ್ಣಿಗೆ ಕಾಣಿಸಿತು.

ತಮ್ಮ ಮಿಷಿನ್ ಬಿಟ್ಟು ಕುಕ್ಕರಿಸಿದ. ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಶೂ ಮೂತಿಯ ಚರ್ಮ ಸೀಳಿ ಬಾಯಿ ಬಿಟ್ಟಿತ್ತು. ಒಳಗೆ ಕಬ್ಬಿಣದ ಟೋಪಿಯ ಮೇಲೆ ಉದ್ದಕ್ಕೆ ಒಂದು ಬಿಳೀ ಗೀರು, ಫಳಫಳ ಹೊಳೀತಾ ಇತ್ತು. ಓಬಳಪ್ಪ ಮಾವ ಲೇಸು ಬಿಚ್ಚಿದ. ಶೂ ಎಳೆದ.

ಎಣಿಸಿದೆ. ಒಂದು. ಎರಡು. ಮೂರು. ನಾಲ್ಕು. ಐದು. ಇಷ್ಟು ವರ್ಷದ ಸರ್ವೀಸಿನಲ್ಲಿ ಐದರವರೆಗೆ ಅಷ್ಟು ನಿಧಾನವಾಗಿ ನಾನು ಎಂದೂ ಎಣಿಸಿರಲಿಲ್ಲ.

ಟೀ ಲೋಟ ಹಿಡಿದು ಬಂದ ಅವ್ವ ಅಲ್ಲೇ ನೆಲಕ್ಕೆ ಕೂತು, ಅವನ ಕಾಲನ್ನ ತೊಡೆಯ ಮೇಲೆ ಇಟ್ಟುಕೊಂಡು ತಾನೂ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಆಮೇಲೆ ಜೋರಾಗಿ ಅತ್ತಳು. ತಮ್ಮ, "ಏನಾಗಿಲ್ಲ ಬಿಡವ್ವ, ಏನಾಗಿಲ್ಲ" ಅಂತಿದ್ದ. ಅವನ ತುಟಿ ಬೆಳ್ಳಗಾಗಿತ್ತು. ನಾನು ಅವನ ತಲೆಗೆ ಎರಡು ಬಿಟ್ಟೆ. ಆಮೇಲೆ ಅದೇ ತಲೆ ಹಿಡಿದು ಅತ್ತೆ.

ಶೂ ಊರಲ್ಲೇ ಬಿಟ್ಟು ಬಂದೆ. ನಮ್ಮನೆಯವರಿಗೆ ಎಲ್ಲಾ ಹೇಳಿದೆ. ಭಾಷಣಕ್ಕೆ ಸಿದ್ಧಳಾಗೇ ಕೂತಿದ್ದೆ. ಅವರು "ಕೇಳಿದ್ರೆ ನಾನೇ ತಗೊಂಡು ಬರ್ತಿದ್ನಲ್ಲೇ" ಅಂದರು ಅಷ್ಟೇ. ಮಾರನೇ ದಿನ ಡ್ಯೂಟಿಗೆ ಯಾರದೋ ಶೂ ಕೇಳಿ ಹಾಕಿಕೊಂಡು ಹೋದರು.

ನಾನಂತೂ ಗೆದ್ದೆ ಅಂತ ಬೀಗಿದೆ. ಸ್ಟಾಫ್ ರೂಮಿನಲ್ಲಿ ಕಥೆ ಹೇಳಿದ್ದೇ ಹೇಳಿದ್ದು. ತಮ್ಮನೂ ಸೀಳಿದ ಶೂ ಹೊಲಿಸಿಕೊಂಡು ಬಂದೆ ಅಂತ ಫೋನಿನಲ್ಲಿ ಹೇಳಿದ್ದ. ಇನ್ನು ನನಗೇನು ಚಿಂತೆ?

ಈ ಬುಧವಾರ ಅವನು ಹಿರಿಯೂರು ದಾಟಿ ಧರ್ಮಪುರದ ಕಡೆ ಯಾವುದೋ ಹೊಲಕ್ಕೆ ಕೆಲಸಕ್ಕೆ ಹೋಗಿದ್ದ. ಹನ್ನೆರಡಾಯಿತು, ಮಿಸ್ಡ್ ಕಾಲ್ ಇಲ್ಲ. ಒಂದಾಯಿತು. ಊಟದ ಡಬ್ಬಿ ತೆರೆದು ಮುಚ್ಚಿದೆ. ಎರಡು ಗಂಟೆಗೆ ತಡೆಯಲಾರದೇ ನಾನೇ ಫೋನ್ ಮಾಡಿದೆ. ಎಷ್ಟೋ ಸಲ ಟ್ರೈ ಮಾಡಿದ ಮೇಲೆ ಸಿಕ್ಕ.

"ಎಲ್ಲಿದೀಯೋ? ಮುಗೀತಾ?"

"ಈಗ ಶುರು ಮಾಡ್ಬೇಕಕ್ಕ. ಈಗಿನ್ನೂ ಮರಕ್ಕೆ ಪೂಜೆ ಆಯ್ತು."

"ಸರಿ. ಶೂ ಹಾಕ್ಕೊಂಡಿದೀಯ ತಾನೇ?"

"ಅದು... ಬಿಡಕ್ಕ, ಆಮ್ಯಾಲೆ ಹೇಳ್ತೀನಿ."

"ಲೇ ರುದ್ರೇಶ, ಶೂ ಎಲ್ಲೋ?"

"ಮನೆಯಾಗೈತೆ. ದೇವರ ಗೂಡಿನಾಗೆ. ಹೊಲಿಸ್ಕೊಂಡು ತಂದ ದಿನಾನೇ ಅವ್ವ ಇಸ್ಕೊಂಡ್ಳು. ಮಗನ ಕಾಲು ಉಳಿಸಿದ್ದು ಅಂತ ದಿನಾ ವಿಭೂತಿ ಹಚ್ಚಿ ಹೂವು ಏರಿಸ್ತಾಳೆ. ಮುಟ್ಟಾಕೆ ಬಿಡವಲ್ಲಳು. ಪೂಜೆಗಿಟ್ಟಿದ್ದನ್ನ ಕಾಲಿಗೆ ಹಾಕ್ಕೊಂತಾರೇನೋ ಅಂತ ಬೈತಾಳಕ್ಕ."

"ಈಗ ಕಾಲಿಗೇನು ಹಾಕ್ಕೊಂಡಿದೀಯ?"

ಯಾರೋ "ಬಾರಪ್ಪ, ಹೊತ್ತಾಯ್ತು" ಅಂತ ಕರೆದಿದ್ದು ಕೇಳಿಸಿತು. ಫೋನ್ ಕಟ್ಟಾಯಿತು.

ಆ ದಿನ ಮಿಸ್ಡ್ ಕಾಲ್ ಬಂದಿದ್ದು ನಾಲ್ಕೂಕಾಲಿಗೆ. ಬಂತು, ಅಷ್ಟೇ ಸಾಕು. ನಿನ್ನೆ ಪೇಟೆಗೆ ಹೋಗಿ ಎಂಟನೇ ನಂಬರಿನದೇ ಒಂದು ಜೊತೆ ಹೊಸ ಸೇಫ್ಟಿ ಶೂ ತಂದಿದ್ದೀನಿ. ಇದನ್ನ ಬರೆಯೋ ಹೊತ್ತಿಗೆ ಅದು ನನ್ನ ಮೇಜಿನ ಮೇಲೆ, ಡಬ್ಬದೊಳಗೇ ಇದೆ. ನಾಳೆ ಬೆಳಿಗ್ಗೆ ಊರಿಗೆ ಒಯ್ಯಬೇಕು. ವಿಭೂತಿ ಹಚ್ಚಿಸದಿದ್ದರೆ ಅವ್ವ ಅದನ್ನ ಮರದ ಹತ್ತಿರ ಬಿಡೋದಿಲ್ಲ, ಹಚ್ಚಿಸಿದರೆ ಅದೂ ಗೂಡು ಸೇರುತ್ತೆ.

ಎಲ್ಲರೂ ಸೇರಿ ಆ ಶೂವನ್ನ ದೇವರು ಮಾಡಿಬಿಟ್ಟರೆ, ನನ್ನ ತಮ್ಮನ ಕಾಲು ಕಾಯೋರು ಯಾರು?